ದರಕಿನ ಚೀಲಕ್ಕೆ ಬೆನ್ನು ಕೊಟ್ಟು ಎಂಟು ಹಾಡು

ಗಿರಣಿಯ ಗೋಡೆಗೆ ದರಕಿನ, ಅಂದರೆ ಒಣ ಎಲೆಯ, ಚೀಲ ಒರಗಿಸೋಣ ಎಂದು ಮೊದಲು ಹೇಳಿದವರು ಯಾರು ಎಂಬುದು ನನಗೆ ಖಚಿತವಿಲ್ಲ. ನಾನೇ ಹೇಳಿದೆ ಎಂದು ಬರೆದೆ, ಹೊಡೆದುಹಾಕಿದೆ. ಅಲ್ಲಿ ಹಾಡಿದವರು ಹೇಳಿದರು ಎಂದು ಬರೆದೆ, ಅದನ್ನೂ ಹೊಡೆದುಹಾಕಿದೆ. ಎರಡು ವರ್ಷ ಕಳೆದ ಮೇಲೆ ಎರಡು ದೃಶ್ಯಗಳೂ ನನ್ನ ತಲೆಯಲ್ಲಿ ಒಂದೇ ಬೆಳಕಿನಲ್ಲಿ ಕಾಣಿಸುತ್ತವೆ. ಒಂದರಲ್ಲಿ ನಾನು ಚಪ್ಪಾಳೆ ತಟ್ಟಿ, ಪ್ರತಿಧ್ವನಿ ಎಷ್ಟು ಸಲ ಬಂತು ಎಂದು ಎಣಿಸಿ, ದರಕು ತುಂಬಿದ ಚೀಲವಿಟ್ಟರೆ ಸರಿಹೋಗುತ್ತದೆ ಎನ್ನುತ್ತೇನೆ. ಇನ್ನೊಂದರಲ್ಲಿ ಅವರು ಗೋಡೆಗೆ ಕಿವಿಯಿಟ್ಟು, “ಈ ಗೋಡೆ ಬಹಳ ಮಾತಾಡ್ತದೆ ಮಾಸ್ತರೇ, ಇದರ ಬಾಯಿಗೆ ಏನಾದ್ರೂ ತುರುಕಿ” ಎನ್ನುತ್ತಾರೆ. ಎರಡೂ ನಡೆದಿರಬಹುದು. ಒಂದೂ ನಡೆಯದೆ, ಯಾರೋ ಮೂರನೆಯವರು ಸುಮ್ಮನೆ ಚೀಲ ಹೊತ್ತು ತಂದಿರಲೂಬಹುದು.

ನಾನು ಧಾರವಾಡದಲ್ಲಿ ಮನಃಶಾಸ್ತ್ರ ಓದಿದವನು. ಕಣ್ಣಾರೆ ಕಂಡವರ ನೆನಪು ಹೇಗೆ ಬದಲಾಗುತ್ತದೆ ಎಂಬುದೇ ನನ್ನ ಅಧ್ಯಯನದ ವಿಷಯವಾಗಿತ್ತು. ಈಗ ಶಿರಸಿಯ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕ. ನೆನಪು ಕಪಾಟಿನಲ್ಲಿಟ್ಟ ಫೋಟೋ ಅಲ್ಲ, ಪ್ರತಿ ಸಲ ತೆಗೆದಾಗಲೂ ಹೊಸದಾಗಿ ಬರೆದುಕೊಳ್ಳುವ ಚಿತ್ರ ಎಂದು ಪ್ರತಿ ವರ್ಷ ಹುಡುಗರಿಗೆ ಹೇಳುತ್ತೇನೆ. ಹೇಳುವಾಗ ಧೈರ್ಯವಾಗಿಯೇ ಹೇಳುತ್ತೇನೆ. ಇಲ್ಲಿ ಬರೆಯುವಾಗ ಆ ಧೈರ್ಯವಿಲ್ಲ.

ಇದು ಒಂದು ಆಲ್ಬಮ್ಮಿನ ಕತೆ. ಒಬ್ಬನೇ ಮನುಷ್ಯ, ಒಂದು ಗಿಟಾರ್, ವಿದ್ಯುತ್ತಿನ ಹಂಗಿಲ್ಲದೆ, ಜನರ ಎದುರು ಒಂದು ಮಧ್ಯಾಹ್ನ ನುಡಿಸಿ ಹಾಡಿದ ಎಂಟು ಬ್ಲೂಸ್ ಹಾಡುಗಳು, ಅಮೆರಿಕದ ಕಪ್ಪು ಜನರ ನೋವಿನ ಹಾಡಿನ ಧಾಟಿಯವು. ಅದನ್ನು ರೆಕಾರ್ಡ್ ಮಾಡಿದವನು ನಾನು.

ಹಾಡಿದವರನ್ನು ನಾನು ಭಾಯಿ ಎನ್ನುತ್ತೇನೆ. ಶಿರಸಿಯಲ್ಲಿ ಮೂರು ತಲೆಮಾರಿನಿಂದ ಸಾಗಾಟದ ಕೆಲಸ ಮಾಡುತ್ತಿರುವ ಮನೆತನ. ಇರುವುದು ಒಂದೇ ಲಾರಿ, ಅದಕ್ಕೆ ಅವರೇ ಮಾಲೀಕ, ಅವರೇ ಡ್ರೈವರ್. ಇಪ್ಪತ್ತರ ಹರೆಯದಲ್ಲಿ ವಾಸ್ಕೋದಲ್ಲಿ ಲೋಡಿಗಾಗಿ ಒಂಬತ್ತು ದಿನ ಕಾದರಂತೆ. ಲಾರಿ ನಿಲ್ಲಿಸಿದ್ದ ಬಯಲಿನ ಪಕ್ಕದ ಮನೆಯಲ್ಲಿ ಒಬ್ಬ ಮುದುಕ ಗಿಟಾರಿನ ತಂತಿಯ ಮೇಲೆ ಬಾಟಲಿಯ ಕುತ್ತಿಗೆ ಜಾರಿಸುತ್ತ ಹಾಡುತ್ತಿದ್ದ. ಭಾಯಿ ಒಂಬತ್ತು ದಿನವೂ ಅವನ ಎದುರು ಕೂತರು. ಊರಿಗೆ ಬಂದ ಮೇಲೆ ಬಾಟಲಿ ಒಡೆಯುವ ಗೋಜಿಗೆ ಹೋಗಲಿಲ್ಲ, ಪಾನಾ ಪೆಟ್ಟಿಗೆಯಿಂದ ನಟ್ಟು ಬಿಚ್ಚುವ ಹದಿನೆಂಟು ನಂಬರಿನ ಉದ್ದ ಸಾಕೆಟ್ ತೆಗೆದು ಕಿರುಬೆರಳಿಗೆ ತೊಟ್ಟುಕೊಂಡರು. ಬಲಗಾಲಿನ ಕೆಳಗೆ ಊಟದ ಮಣೆ. ಹಾಡುವಾಗ ಹಿಮ್ಮಡಿಯಿಂದ ಅದನ್ನು ಕುಟ್ಟುತ್ತಾರೆ. ಇಷ್ಟೇ ಅವರ ವಾದ್ಯವೃಂದ.

ಹಾಡು ಕನ್ನಡದಲ್ಲಿ, ನಡುನಡುವೆ ಮನೆಯ ಉರ್ದು. ಬ್ಲೂಸಿನಲ್ಲಿ ಮೊದಲ ಸಾಲನ್ನು ಎರಡು ಸಲ ಹಾಡಿ, ಮೂರನೆಯ ಸಾಲಿನಲ್ಲಿ ಅದಕ್ಕೆ ಉತ್ತರ ಕೊಡುವ ಕ್ರಮವಿದೆ. ಯಾಕೆ ಎರಡು ಸಲ ಎಂದು ಒಮ್ಮೆ ಕೇಳಿದ್ದೆ.

“ಮೊದಲನೇ ಸಲ ಯಾರೂ ಕೇಳೋದಿಲ್ಲ ಮಾಸ್ತರೇ. ನೀವು ಕ್ಲಾಸಲ್ಲಿ ಎಷ್ಟು ಸಲ ಹೇಳ್ತೀರಿ?”

“ಮೂರು ಸಲ.”

“ಹಾಗಾದ್ರೆ ನಿಮ್ಮದು ಬ್ಲೂಸಿಗಿಂತ ಕಷ್ಟದ ಬಾಳು.”

ಹುಬ್ಬಳ್ಳಿಯ ಒಂದು ಸ್ಟುಡಿಯೋಕ್ಕೆ ಅವರನ್ನು ಕರೆದೊಯ್ದಿದ್ದೆ. ಗಾಜಿನ ಕೋಣೆಯಲ್ಲಿ ಒಬ್ಬರನ್ನೇ ಕೂರಿಸಿದಾಗ ಅರ್ಧ ಹಾಡಿಗೇ ನಿಲ್ಲಿಸಿಬಿಟ್ಟರು. ಎದುರಿಗೆ ಮುಖವಿಲ್ಲದಿದ್ದರೆ ಯಾರಿಗೆ ಹೇಳಲಿ ಎಂದರು. ಜನರ ಎದುರಲ್ಲೇ ಮಾಡುವುದು ಎಂದು ಆಗ ತೀರ್ಮಾನವಾಯಿತು. ಸಿದ್ದಾಪುರ ತಾಲೂಕಿನ ಕಾನಸೂರಿನ ಹತ್ತಿರ ನನ್ನ ಚಿಕ್ಕಿಯ ಮನೆಯವರದೊಂದು ಅಕ್ಕಿ ಗಿರಣಿಯಿದೆ. ಯಂತ್ರ ಮಾರಿ ಎಷ್ಟೋ ವರ್ಷವಾಗಿ ಖಾಲಿ ಬಿದ್ದಿತ್ತು. ಮಂಗಳವಾರ ಆ ಭಾಗದಲ್ಲಿ ಲೈನ್ ಕೆಲಸಕ್ಕೆಂದು ಬೆಳಗಿನಿಂದ ಸಂಜೆಯವರೆಗೆ ಕರೆಂಟು ತೆಗೆಯುತ್ತಾರೆ. ಉಳಿದವರಿಗೆ ಅದು ಬೈಗುಳದ ದಿನ. ನನಗೆ ಅದಕ್ಕಿಂತ ಒಳ್ಳೆಯ ದಿನ ಸಿಗುವಂತಿರಲಿಲ್ಲ. ಪಂಪು, ಮಿಕ್ಸರ್, ಟೀವಿ, ಯಾವುದರ ಸದ್ದೂ ಇರುವುದಿಲ್ಲ. ಜೀರುಂಡೆ ಕೂಗಲು ಶುರುಮಾಡುವ ಮೊದಲು, ಮೂರು ಗಂಟೆಯೊಳಗೆ ಮುಗಿಸುವುದೆಂದು ಲೆಕ್ಕ ಹಾಕಿದೆ. ರೆಕಾರ್ಡರ್ ಬ್ಯಾಟರಿಯದು.

ಗಿರಣಿಗೆ ಕಲ್ಲಿನ ಗೋಡೆ, ತಗಡಿನ ಮಾಡು. ಒಂದು ಸಲ ಕೆಮ್ಮಿದರೆ ನಾಲ್ಕು ಜನ ಕೆಮ್ಮಿದಂತೆ ಕೇಳುತ್ತಿತ್ತು. ಚಿಕ್ಕಿಯ ಮನೆಯಲ್ಲಿ ಕೊಟ್ಟಿಗೆಗೆ ಹಾಸಲೆಂದು ಬೆಟ್ಟದಿಂದ ಗುಡಿಸಿ ತಂದ ಒಣ ಎಲೆ ರಾಶಿ ಬಿದ್ದಿತ್ತು. ನಮ್ಮ ಕಡೆ ಅದನ್ನು ದರಕು ಎನ್ನುತ್ತಾರೆ. ಗೋಣಿಚೀಲಕ್ಕೆ ತುಂಬಿ ಒತ್ತಿದರೆ ಅದು ಸದ್ದು ನುಂಗುತ್ತದೆ. ಪೇಟೆಯಿಂದ ತರುವ ಸ್ಪಂಜಿನ ಹಲಗೆಗಿಂತ ಚೆನ್ನಾಗಿಯೇ ನುಂಗುತ್ತದೆ. ಈ ಜಾಣತನ ಯಾರದೋ ಗೊತ್ತಿಲ್ಲ ಎಂದು ಮೊದಲೇ ಹೇಳಿದೆ. ಚೀಲಗಳು ಹನ್ನೆರಡು ಎನ್ನುತ್ತಾಳೆ ಚಿಕ್ಕಿ, ಅವಳ ಮಾತನ್ನು ಒಪ್ಪಿಕೊಂಡಿದ್ದೇನೆ. ಎಂಟನ್ನು ಗೋಡೆಗೆ ಸಾಲಾಗಿ ನಿಲ್ಲಿಸಿದೆವು, ನಾಲ್ಕನ್ನು ಭಾಯಿಯ ಬೆನ್ನ ಹಿಂದೆ. ನೋಡಲು ಚೆನ್ನಾಗಿಲ್ಲವೆಂದು ಅವುಗಳ ಮೇಲೆ ಒಂದು ಜಮಖಾನ ಹೊದೆಸಿದೆ. ಜಮಖಾನ ಹೊದೆಸಿದವನು ನಾನು. ಇದರಲ್ಲಿ ಅನುಮಾನವಿಲ್ಲ ಎಂದು ಬರೆಯಲು ಹೊರಟಿದ್ದೆ. ಅನುಮಾನ ಕಡಿಮೆ ಎಂದು ಬರೆದರೆ ಸರಿ.

ಅದು ಶಿವರಾತ್ರಿಯ ಆಸುಪಾಸು. ಬೆಟ್ಟದ ಎಲೆ ಒಣಗಿ ಉದುರುವ ಕಾಲ, ಮಂಗನ ಕಾಯಿಲೆಯ ಕಾಲವೂ ಹೌದು. ಕಾಡಿನಲ್ಲಿ ಮಂಗ ಸತ್ತರೆ ಅದರ ಮೈಮೇಲಿನ ಉಣುಗು ಒಣ ಎಲೆಗೆ ಇಳಿಯುತ್ತದೆ, ಎಲೆಯಿಂದ ಮನುಷ್ಯನ ಮೈಗೆ ಹತ್ತುತ್ತದೆ. ಎಳ್ಳಿಗಿಂತ ಚಿಕ್ಕದು. ಕಚ್ಚಿದ್ದು ಗೊತ್ತಾಗುವುದೂ ಇಲ್ಲ. ಕೆಲವು ದಿನ ಬಿಟ್ಟು ಜ್ವರ ಬರುತ್ತದೆ. ಬದುಕಿ ಉಳಿಯುವವರೇ ಹೆಚ್ಚು, ಆದರೆ ಸಾಯುವವರೂ ಇದ್ದಾರೆ. ಇದನ್ನು ನಮ್ಮ ಭಾಗದಲ್ಲಿ ಶಾಲೆಯ ಮಕ್ಕಳೂ ಹೇಳಬಲ್ಲರು. ನನಗೂ ಗೊತ್ತಿತ್ತು. ಗೊತ್ತಿದ್ದೂ ಹನ್ನೆರಡು ಚೀಲ ತುಂಬುವಾಗ ಅದು ತಲೆಗೆ ಬರಲಿಲ್ಲ. ಆಗ ಅದು ನನಗೆ ದರಕಾಗಿರಲೇ ಇಲ್ಲ, ಪ್ರತಿಧ್ವನಿ ತಡೆಯುವ ಸಾಮಾನಾಗಿತ್ತು.

ಮೂವತ್ತು ಜನರ ಮೇಲೆ ಸೇರಿದ್ದರು. ನನ್ನ ವಿದ್ಯಾರ್ಥಿಗಳು, ಭಾಯಿಯ ಡ್ರೈವರ್ ಗೆಳೆಯರು, ಚಿಕ್ಕಿಯ ನೆರೆಯವರು. ಎರಡು ಹಾಡು ಮುಗಿದಾಗ ಆ ಊರಿನ ಆಶಾ ಕಾರ್ಯಕರ್ತೆ ಬಾಗಿಲಲ್ಲಿ ಬಂದು ನಿಂತರು. ಹೆಗಲಿಗೆ ಚೀಲ, ಕೈಯಲ್ಲಿ ಆರೋಗ್ಯ ಇಲಾಖೆಯಿಂದ ಕೊಡುವ ಎಣ್ಣೆಯ ಬಾಟಲಿಗಳು. ಉಣುಗು ಹತ್ತದಂತೆ ಮೈಗೆ ಸವರಿಕೊಳ್ಳುವ ಎಣ್ಣೆ ಅದು. ಆಚೆ ಬೆಟ್ಟದಲ್ಲಿ ಮಂಗ ಸತ್ತ ಸುದ್ದಿ ಬಂದಿದೆ, ಇಷ್ಟು ಜನ ಒಂದೇ ಕಡೆ ಸಿಕ್ಕಿದ್ದೀರಿ, ಹಚ್ಚಿಕೊಂಡುಬಿಡಿ ಎಂದರು. ಬ್ಯಾಟರಿ ಉಳಿಸಲು ನಾನು ರೆಕಾರ್ಡರ್ ನಿಲ್ಲಿಸಿದ್ದೆ. ಆದ್ದರಿಂದ ಮುಂದಿನ ಮಾತುಗಳಿಗೆ ನನ್ನ ನೆನಪು ಬಿಟ್ಟರೆ ಬೇರೆ ಸಾಕ್ಷಿಯಿಲ್ಲ.

ಬಾಟಲಿ ಕೈಯಿಂದ ಕೈಗೆ ಹೋಯಿತು. ಎಲ್ಲರೂ ಕೈಕಾಲಿಗೆ ಸವರಿಕೊಂಡರು. ಭಾಯಿ ಮುಟ್ಟಲಿಲ್ಲ.

“ನಿಮ್ಮ ಎಣ್ಣೆ ತಾಗಿದ್ರೆ ಗಿಟಾರಿನ ವಾರ್ನಿಶ್ ಏಳ್ತದೆ ಅಕ್ಕಾ. ಹೋದ ವರ್ಷ ನನ್ನ ಸ್ಟೀರಿಂಗ್ ಕವರ್ ಅಂಟಂಟಾಗಿ ಹೋಯ್ತು.”

“ಗಿಟಾರಿಗೆ ಹಚ್ಚಿ ಅಂತ ಯಾರು ಹೇಳಿದ್ರು ಮಾರಾಯ್ರೆ? ಕಾಲಿಗೆ ಹಚ್ಚಿ.”

“ಕಾಲಿಗೆ ಹಚ್ಚೋದು ಕೈಯಿಂದ್ಲೇ ಅಲ್ವಾ? ನುಡಿಸೋದೂ ಅದೇ ಕೈ. ಬೇರೆ ಜೊತೆ ಮನೇಲಿ ಇಟ್ಟಿಲ್ಲ.”

ಎಲ್ಲರೂ ನಕ್ಕರು. ನಾನೂ ನಕ್ಕಿರಬೇಕು. ಆಕೆ ಒಳಗೆ ಕಣ್ಣಾಡಿಸಿದರು. ಗೋಡೆಯ ಚೀಲಗಳ ಸಾಲು ಕೂತವರ ಬೆನ್ನ ಹಿಂದೆ ಮರೆಯಾಗಿತ್ತು. ಜಮಖಾನ ಕಂಡಿತು, ಅದರ ಕೆಳಗಿದ್ದದ್ದು ಕಾಣಲಿಲ್ಲ. “ಬೆಟ್ಟಕ್ಕೆ ಹೋಗೋರು ಅಲ್ವಲ್ಲ, ಅಡ್ಡಿಲ್ಲ ಬಿಡಿ” ಎಂದು ಅವರು ಹೊರಟರು. ಭಾಯಿ ಚೀಲಗಳಿಗೆ ಬೆನ್ನು ಕೊಟ್ಟು ಕೂತು ಮೂರನೆಯ ಹಾಡು ಎತ್ತಿಕೊಂಡರು.

ದೇವಿಮನೆ ಘಟ್ಟ ಇಳಿವಾಗ ಬ್ರೇಕು ನನ್ನ ಮಾತು ಕೇಳಲಿಲ್ಲ,
ದೇವಿಮನೆ ಘಟ್ಟ ಇಳಿವಾಗ ಬ್ರೇಕು ನನ್ನ ಮಾತು ಕೇಳಲಿಲ್ಲ,
ಮನೆಯಲ್ಲೂ ಯಾರೂ ಕೇಳೋದಿಲ್ಲ, ಬ್ರೇಕಿನ ಮೇಲೇನು ಸಿಟ್ಟು.

ಸಾಕೆಟ್ಟು ತಂತಿಯ ಮೇಲೆ ಜಾರುವಾಗ ಘಟ್ಟದ ತಿರುವಿನಲ್ಲಿ ಟೈರು ಎಳೆದಂತೆ ಕೇಳಿಸಿತು. ಡ್ರೈವರ್ ಗೆಳೆಯರು ನಗುತ್ತ ನಗುತ್ತ ಸುಮ್ಮನಾದರು. ಆ ಮಧ್ಯಾಹ್ನ ನನಗೆ ಸಂತೋಷವಾಗಿತ್ತು. ಇಷ್ಟನ್ನು ನೆನಪಿಗೇ ಬಿಟ್ಟುಕೊಡುತ್ತೇನೆ, ಪರೀಕ್ಷಿಸಲು ಹೋಗುವುದಿಲ್ಲ.

ಆರನೆಯ ದಿನ ಬೆಳಿಗ್ಗೆ ಭಾಯಿಯ ಹೆಂಡತಿ ಫೋನ್ ಮಾಡಿದರು. ಅವರನ್ನು ನಾನು ಭಾಭಿ ಎನ್ನುತ್ತೇನೆ. “ಎರಡು ದಿನದಿಂದ ಜ್ವರ. ಕಣ್ಣಿನ ಹಿಂದೆ ನೋವು ಅಂತಾರೆ. ಬೆಳಕು ಬೇಡ ಅಂತಾರೆ. ಸ್ವಲ್ಪ ಬಂದು ನೋಡ್ತೀರಾ?” ಎಂದರು. ಫೋನು ಕೆಳಗಿಟ್ಟಾಗ ನನ್ನ ಕಣ್ಣಿಗೆ ಮೊದಲು ಬಂದದ್ದು ಭಾಯಿಯ ಮುಖವಲ್ಲ, ಜಮಖಾನ. ಅದರ ನೀಲಿ ಪಟ್ಟೆ.

ಅವರ ಕೋಣೆಯ ಕಿಟಕಿಗೆ ದುಪ್ಪಟ್ಟಾ ಕಟ್ಟಿದ್ದರು. ಭಾಯಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ತಿರುಗಿದಾಗ ಕಣ್ಣು ಕೆಂಪಾಗಿತ್ತು, ವಸಡಿನ ಅಂಚಿನಲ್ಲಿ ರಕ್ತದ ಗೆರೆಯಿತ್ತು. “ರೆಕಾರ್ಡಿಂಗ್ ಚೆನ್ನಾಗಿ ಬಂದಿದೆಯಾ?” ಎಂದು ಕೇಳಿದರು. ಬಂದಿದೆ ಎಂದೆ. ಕೇಳಿಯೇ ಇರಲಿಲ್ಲ. ಆ ಮಧ್ಯಾಹ್ನವೇ ಅವರನ್ನು ಆಸ್ಪತ್ರೆಗೆ ಸೇರಿಸಿ ರಕ್ತ ಪರೀಕ್ಷೆಗೆ ಕಳಿಸಿದರು. ವರದಿ ಬರಲು ದಿನ ಹಿಡಿಯುತ್ತದೆ ಎಂದರು.

ಸಂಜೆ ಕಾನಸೂರಿನ ಆಶಾ ಕಾರ್ಯಕರ್ತೆಯ ಫೋನ್ ಬಂತು. ಸುದ್ದಿ ಅವರಿಗೆ ಹೇಗೋ ಮುಟ್ಟಿತ್ತು.

“ಆವತ್ತು ಹಾಡಿದವರಿಗೆ ಜ್ವರ ಅಂತೆ ಹೌದಾ? ಅವರು ಇಲ್ಲಿ ಬೆಟ್ಟಕ್ಕೆ, ದರಕಿನ ರಾಶಿಗೆ ಏನಾದ್ರೂ ಹೋಗಿದ್ರಾ?”

“ಇಲ್ಲ. ಅವರು ಲಾರಿಯವರು. ದರಕಿನ ಹತ್ತಿರ ಯಾಕೆ ಹೋಗ್ತಾರೆ?”

ಇದನ್ನು ನಾನೇ ಹೇಳಿದೆ. ಹೇಳುವಾಗ ನನ್ನ ಧ್ವನಿ ಎಷ್ಟು ಸಹಜವಾಗಿತ್ತೆಂದರೆ ಒಂದು ಕ್ಷಣ ನನಗೂ ನಂಬಿಕೆ ಬಂತು. ಭಾಯಿ ದರಕಿನ ಹತ್ತಿರ ಹೋಗಿರಲಿಲ್ಲ ನಿಜ. ದರಕನ್ನು ಅವರ ಹತ್ತಿರ ತಂದಿದ್ದೆವು. ಫೋನಿಟ್ಟ ಮೇಲೆ ಮನೆಯೊಳಗೆ ಓಡಾಡಿದೆ. ಕೂತರೆ ಕಾಲು ತುರಿಸುತ್ತಿತ್ತು. ಪ್ಯಾಂಟು ಮಡಚಿ ನೋಡಿಕೊಂಡೆ, ಕಂಕುಳು ನೋಡಿಕೊಂಡೆ, ಹೆಂಡತಿಗೆ ಬೆನ್ನು ತೋರಿಸಿದೆ. “ಮಚ್ಚೆ ಇದೆ, ಮದುವೆಗೆ ಮೊದಲೂ ಇತ್ತು” ಎಂದಳು. ಆ ಮೂವತ್ತು ಜನರ ಮುಖ ಒಂದೊಂದಾಗಿ ಬಂತು. ಗೋಡೆಯ ಚೀಲಕ್ಕೆ ಒರಗಿ ಕೂತಿದ್ದವರು ಯಾರು? ಒಬ್ಬ ವಿದ್ಯಾರ್ಥಿನಿ ಬಸುರಿಯಾಗಿದ್ದಳು. ಅವಳು ಕೂತದ್ದು ಕುರ್ಚಿಯ ಮೇಲೋ, ಚೀಲದ ಪಕ್ಕವೋ? ಎಷ್ಟು ತಿಣುಕಿದರೂ ಕುರ್ಚಿಯೂ ಕಾಣುತ್ತಿತ್ತು, ಚೀಲವೂ ಕಾಣುತ್ತಿತ್ತು.

ಚಿಕ್ಕಿಗೆ ಫೋನ್ ಮಾಡಿ ಚೀಲಗಳನ್ನು ಮುಟ್ಟಬೇಡ ಎಂದೆ.

“ಚೀಲ ಎಲ್ಲಿದ್ದು ತಮಾ? ಆವತ್ತೇ ಬಿಚ್ಚಿ ಕೊಟ್ಟಿಗೆಗೆ ಹಾಸಿ ಆತು. ಈಗ ಎಂತಕ್ಕೆ?”

“ನಿನಗೆ ಜ್ವರ ಇದೆಯಾ?”

“ಯಂಗೆ ಎಂತ ಜ್ವರವೂ ಇಲ್ಲೆ. ನೀ ಹಿಂಗೆ ಕೇಳಿದ್ರೆ ಬಂದ್ರೂ ಬಕ್ಕು.”

ಮರುದಿನ ಬೆಳಿಗ್ಗೆ ನಾನೇ ಆಶಾ ಕಾರ್ಯಕರ್ತೆಗೆ ಫೋನ್ ಮಾಡಿ ಚೀಲದ ವಿಷಯ ಹೇಳಿದೆ.

“ಮಾರಾಯ್ರೆ, ನಿನ್ನೆ ಕೇಳಿದೆನಲ್ಲ. ನಿನ್ನೆ ಯಾಕೆ ಹೇಳಲಿಲ್ಲ?”

“ನೆನಪಾಗಲಿಲ್ಲ.”

“ಕಾಲೇಜಲ್ಲಿ ಪಾಠ ಮಾಡೋರು ನೀವು,” ಎಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಆ ದಿನವೇ ಚಿಕ್ಕಿಯ ಕೊಟ್ಟಿಗೆಗೆ ಬಂದು ಉಣುಗು ಸಾಯುವ ಪುಡಿ ಹೊಡೆಸಿದರು, ಆ ಮಧ್ಯಾಹ್ನ ಸೇರಿದ್ದವರ ಪಟ್ಟಿ ಕೇಳಿದರು. ಪಟ್ಟಿಯಲ್ಲಿ ಮೂವತ್ತೊಂದು ಹೆಸರಾಯಿತು. ಇಬ್ಬರು ಹೆಚ್ಚಿಗೆ ಸೇರಿದ್ದಾರೋ ಇಬ್ಬರು ಬಿಟ್ಟುಹೋಗಿದ್ದಾರೋ ನನಗೆ ಇವತ್ತಿಗೂ ಗೊತ್ತಿಲ್ಲ.

ಅಲ್ಲಿಂದ ಮುಂದಿನ ದಿನಗಳನ್ನು ನಾನು ಫೋನಿನಲ್ಲೇ ಕಳೆದೆ. ಬೆಳಿಗ್ಗೆ ಕೆಲವರಿಗೆ, ಸಂಜೆ ಕೆಲವರಿಗೆ. ಆರೋಗ್ಯ ಹೇಗಿದೆ ಎಂದು ನೇರವಾಗಿ ಕೇಳಲು ನಾಲಗೆ ಏಳುತ್ತಿರಲಿಲ್ಲ. ಯಾವ ಹಾಡು ಇಷ್ಟವಾಯಿತು, ಆಲ್ಬಮ್ಮಿಗೆ ಯಾವುದನ್ನು ಮೊದಲು ಹಾಕಲಿ ಎಂದು ಶುರುಮಾಡಿ, ಧ್ವನಿಯಲ್ಲಿ ಸುಸ್ತಿದೆಯೇ ಎಂದು ಕಿವಿಗೊಡುತ್ತಿದ್ದೆ. ಮೂರನೆಯ ಸಲ ಫೋನ್ ಮಾಡಿದಾಗ ಒಬ್ಬ ಡ್ರೈವರ್, “ಸಾರ್, ನೀವು ಒಂದು ಹಾಡಿಗೆ ಇಷ್ಟು ಸಲ ಕೇಳ್ತೀರಿ, ಓಟಿಗೆ ನಿಂತೋರೂ ಇಷ್ಟು ಕೇಳೋದಿಲ್ಲ” ಎಂದ. ನಡುವೆ ಯಾರಾದರೂ ಕೆಮ್ಮಿದರೆ ಪಟ್ಟಿಯಲ್ಲಿ ಆ ಹೆಸರಿಗೆ ಗುರುತು ಹಾಕಿ ರಾತ್ರಿ ಮತ್ತೆ ಫೋನ್ ಮಾಡುತ್ತಿದ್ದೆ.

ವರದಿ ಬಂತು. ಮಂಗನ ಕಾಯಿಲೆಯೇ.

ಭಾಯಿಯನ್ನು ಘಟ್ಟದ ಕೆಳಗಿನ ದೊಡ್ಡ ಆಸ್ಪತ್ರೆಗೆ ಸಾಗಿಸಿದರು. ಯಾವ ಘಟ್ಟದ ಬಗ್ಗೆ ಹಾಡಿದ್ದರೋ ಅದೇ ಘಟ್ಟದಲ್ಲಿ ಆಂಬುಲೆನ್ಸಿನಲ್ಲಿ ಮಲಗಿ ಇಳಿದರು. ನಾನು ಎದುರಿನ ಸೀಟಿನಲ್ಲಿದ್ದೆ. ಪ್ರತಿ ತಿರುವಿನಲ್ಲೂ ಸಲೈನಿನ ಬಾಟಲಿ ಒಂದೊಂದು ಕಡೆ ವಾಲುತ್ತಿತ್ತು. ಅವರು ಒಮ್ಮೆ ಕಣ್ಣು ತೆರೆದು, “ಗೇರ್ ಸರಿಯಾಗಿ ಹಾಕ್ತಾ ಇಲ್ಲ ಇವನು” ಎಂದು ಮತ್ತೆ ಕಣ್ಣು ಮುಚ್ಚಿದರು. ನಾನು ದೇವರನ್ನು ನಂಬುವವನಲ್ಲ. ಆ ದಾರಿಯಲ್ಲಿ ಯಾರಿಗೆ ಏನು ಬೇಡಿಕೊಂಡೆ ಎಂಬುದನ್ನು ಇಲ್ಲಿ ಬರೆಯಲಾರೆ.

ಮೊದಲ ವಾರ ಮೂಗಿನಿಂದ ರಕ್ತ ಬಂತು. ವೈದ್ಯರು ದಿನಕ್ಕೆರಡು ಸಲ ಒಂದೇ ಮಾತು ಹೇಳುತ್ತಿದ್ದರು, ಇವತ್ತು ಕಳೆಯಲಿ ನೋಡೋಣ ಎಂದು. ಎರಡನೆಯ ವಾರ ಜ್ವರ ಇಳಿಯಿತು. ನಾವು ನಿಟ್ಟುಸಿರು ಬಿಟ್ಟು ನಾಲ್ಕೈದು ದಿನ ಆಗಿತ್ತಷ್ಟೆ, ಜ್ವರ ಮತ್ತೆ ಬಂತು. ಈ ಸಲ ನಡುಕದ ಜೊತೆ. ನೀರಿನ ಲೋಟ ಹಿಡಿದರೆ ಹಾಸಿಗೆಯ ಮೇಲೆಲ್ಲ ಚೆಲ್ಲುತ್ತಿತ್ತು. ಒಂದು ಮಧ್ಯಾಹ್ನ ಎಡಗೈಯನ್ನು ಮುಖದ ಮುಂದೆ ಹಿಡಿದು ನೋಡುತ್ತ ಮಲಗಿದ್ದರು. ಕಿರುಬೆರಳು ಗಾಳಿಗೆ ಸಿಕ್ಕ ದಾರದಂತೆ ಅಲ್ಲಾಡುತ್ತಿತ್ತು.

“ಮಾಸ್ತರೇ, ಇದು ನನ್ನ ಮಾತು ಕೇಳ್ತಾ ಇಲ್ಲ.”

ಸರಿಹೋಗುತ್ತದೆ ಎಂದೆ.

“ಲಾರಿ ಬಿಟ್ರೂ ಪರವಾಗಿಲ್ಲ. ಮಗ ಓಡಿಸ್ತಾನೆ. ಇದನ್ನ ಯಾರು ಮಾಡ್ತಾರೆ?” ಅವರ ಧ್ವನಿಯಲ್ಲಿ ತಮಾಷೆಯಿರಲಿಲ್ಲ. ಅವರನ್ನು ಹೆದರಿದ ಮನುಷ್ಯನಾಗಿ ನಾನು ನೋಡಿದ್ದು ಅದೇ ಮೊದಲು. ನಾನು ಜಮಖಾನದ ವಿಷಯ ಹೇಳಲು ಬಾಯಿ ತೆರೆದೆ. ಆಗಲೇ ಆರೋಗ್ಯ ಇಲಾಖೆಯವರೊಬ್ಬರು ವಿವರ ಬರೆದುಕೊಳ್ಳಲು ಒಳಗೆ ಬಂದರು. ಎಲ್ಲಿ ಹೋಗಿದ್ದಿರಿ, ಒಣ ಎಲೆಯಲ್ಲಿ ಕೂತಿದ್ದಿರಾ, ಗಿರಣಿಯಲ್ಲಿ ಚೀಲಗಳಿದ್ದವಂತೆ ಹೌದಾ ಎಂದು ಒಂದೊಂದಾಗಿ ಕೇಳಿದರು.

“ಚೀಲ ಇತ್ತು,” ಎಂದರು ಭಾಯಿ. “ಆದ್ರೆ ಅದಕ್ಕೆ ಎರಡು ದಿನ ಮೊದಲು, ಭಾನುವಾರ, ಕಾನಸೂರು ದಾಟಿ ಸಿದ್ದಾಪುರದ ಕಡೆ ಹೋಗುವಾಗ ಕಾಡಲ್ಲಿ ಗಾಡಿ ನಿಂತಿತ್ತು. ಸ್ಪ್ರಿಂಗಿನ ಪ್ಲೇಟು ಮುರಿದಿತ್ತು. ಒಂದು ಗಂಟೆ ಗಾಡಿ ಕೆಳಗೆ ಎಲೆ ಮೇಲೆ ಅಂಗಾತ ಮಲಗಿದ್ದೆ. ಅಲ್ಲೇ ಹತ್ತಿದ್ದು ಇದು. ಬರ್ಕೊಳ್ಳಿ.”

ಅವರು ಬರೆದುಕೊಂಡರು. ಭಾಭಿ ಕಿಟಕಿಯ ಹೊರಗೆ ನೋಡುತ್ತಿದ್ದರು. ಭಾಯಿ ನನ್ನ ಕಡೆ ತಿರುಗಿ, “ನಿಮ್ಮ ಚೀಲ ಪಾಪ, ಅದಕ್ಕೇನು ಗೊತ್ತು” ಎಂದರು. ನನಗೆ ಎದೆಯ ಮೇಲಿಂದ ಯಾರೋ ಎದ್ದು ಹೋದಂತಾಯಿತು. ಹೊರಗಿನ ಕಾರಿಡಾರಿನಲ್ಲಿ ಬೆಂಚಿನ ಮೇಲೆ ಕೂತು ಬಹಳ ಹೊತ್ತು ಅತ್ತೆ. ಸುದ್ದಿ ಊರಿಗೆ ನನಗಿಂತ ಮೊದಲೇ ತಲುಪಿತ್ತು. “ನೋಡಾ ತಮಾ, ಯಂಗಳ ದರಕಿಂದ ಅಲ್ದಡ. ಲಾರಿ ಅಡಿಗೆ ಮಲಗಿದ್ನಡ” ಎಂದಳು ಚಿಕ್ಕಿ. ಮೂವತ್ತೊಂದು ಜನರಲ್ಲಿ ಯಾರಿಗೂ ಜ್ವರ ಬರಲಿಲ್ಲ. ಅದನ್ನೂ ನನ್ನ ಪರವಾದ ಸಾಕ್ಷಿಯೆಂದು ಸೇರಿಸಿಕೊಂಡೆ. ಉಳಿದವರೆಲ್ಲ ಎಣ್ಣೆ ಹಚ್ಚಿಕೊಂಡಿದ್ದರು ಎಂಬುದನ್ನು ಬೇಕೆಂದೇ ಬದಿಗಿಟ್ಟೆ.

ಭಾಯಿ ಉಳಿದರು. ಬೇಸಿಗೆ ಮುಗಿಯುವ ಹೊತ್ತಿಗೆ ನಡುಕ ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಸಾಕೆಟ್ಟು ತೊಟ್ಟು ತಂತಿಯ ಮೇಲೆ ಇಟ್ಟರೆ ಸ್ವರ ಒಂದೇ ಕಡೆ ನಿಲ್ಲದೆ ಸಣ್ಣಗೆ ಕಂಪಿಸುತ್ತದೆ. ಕೇಳುವವರಿಗೆ ಅದು ಚೆಂದವೇ. ಅವರಿಗೆ ಅಲ್ಲ. “ಮೊದಲು ನಾನು ಅಲ್ಲಾಡಿಸ್ತಿದ್ದೆ, ಈಗ ಅದು ನನ್ನನ್ನ ಅಲ್ಲಾಡಿಸ್ತದೆ” ಎನ್ನುತ್ತಾರೆ.

ಆಲ್ಬಮ್ಮಿನ ಸಂಕಲನಕ್ಕೆ ಕೂತದ್ದು ಮಳೆಗಾಲ ಕಳೆದ ಮೇಲೆ. ನಾಲ್ಕನೆಯ ಹಾಡಿನ ನಡುವೆ ತಾಳಕ್ಕೆ ಹೊಂದದ ಒಂದು ಏಟಿನ ಸದ್ದಿದೆ. ಚಟ್ ಎಂದು, ಒಣಗಿದ ಸದ್ದು. ಗಿಟಾರಿನ ಮೈಗೆ ಅಂಗೈಯಿಂದ ಹೊಡೆದದ್ದಿರಬಹುದು, ಕುತ್ತಿಗೆಯ ಮೇಲೆ ಏನೋ ಹರಿದಾಡಿದಾಗ ಹೊಡೆದುಕೊಂಡದ್ದಿರಬಹುದು. ಅದನ್ನು ಎಷ್ಟು ಸಲ ಕೇಳಿದೆನೋ. ನಿಧಾನ ಮಾಡಿ ಕೇಳಿದೆ, ಉಳಿದ ಸದ್ದು ಇಳಿಸಿ ಕೇಳಿದೆ. ಕೇಳುತ್ತ ಹೋದಂತೆ ಕುತ್ತಿಗೆಯೇ ಕಾಣತೊಡಗಿತು. ಭಾಯಿಯನ್ನು ಕೇಳಿದರೆ, “ತಾಳ ತಪ್ಪಿತ್ತು, ಮುಚ್ಚಿಕೊಳ್ಳೋಕೆ ಹೊಡೆದೆ. ಕಲಾವಿದರ ಮರ್ಯಾದೆ ತೆಗೀಬೇಡಿ” ಎಂದರು. ಕತ್ತರಿಸದೆ ಹಾಗೇ ಬಿಟ್ಟೆ. ಹಾಡುಗಳನ್ನು ಇಂಟರ್ನೆಟ್ಟಿನಲ್ಲಿ ಹಾಕಿದ ಮೇಲೆ ಯಾರೋ ಅಪರಿಚಿತರು ಆ ಏಟನ್ನೇ ಹೊಗಳಿ ಬರೆದರು.

ಅದೇ ದಿನಗಳಲ್ಲಿ ನನ್ನಲ್ಲಿ ಇನ್ನೊಂದು ಬದಲಾವಣೆಯಾಯಿತು. ಲಾರಿಯ ಕತೆಯನ್ನು ಭಾಯಿ ನನಗೆ ಮೊದಲೇ, ಗಿರಣಿಯಲ್ಲೇ ಹೇಳಿದ್ದರು ಎಂದು ನೆನಪಾಗತೊಡಗಿತು. ಮೊದಲು ಬರೀ ಒಂದು ಮಾತು: ಭಾನುವಾರ ಗಾಡಿ ಕೈಕೊಟ್ಟಿತು ಮಾಸ್ತರೇ. ಕೆಲವು ವಾರದಲ್ಲಿ ಅದಕ್ಕೆ ಅವರ ಅಂಗಿ ತೋಳಿನ ಗ್ರೀಸ್ ಕಲೆ ಸೇರಿತು. ಆಮೇಲೆ ಗಿರಣಿಯ ಎದುರು, ಮಾವಿನ ಮರದ ನೆರಳಲ್ಲಿ ಅವರ ಲಾರಿ ನಿಂತಿದ್ದು ಕಂಡಿತು. ಹೊಸ ಪ್ಲೇಟಿನ ಹೊಳಪು ಕೂಡ ಕಂಡಿತು. ನನಗೆ ಬಹಳ ಹಿತವಾಗಿತ್ತು ಅದು. ಒಂದು ದಿನ ತರಗತಿಯಲ್ಲಿ ಹುಸಿ ನೆನಪಿನ ಪಾಠ ಮಾಡುತ್ತಿದ್ದೆ. ಮನಸ್ಸಿಗೆ ಬೇಕಾದ ನೆನಪು ದಿನ ಕಳೆದಂತೆ ಮಸುಕಾಗುವುದಿಲ್ಲ, ವಿವರ ತುಂಬಿಕೊಳ್ಳುತ್ತ ಹೋಗುತ್ತದೆ ಎಂಬ ಸಾಲು ಬಂದಾಗ ಮಾತು ನಿಂತಿತು. ಹುಡುಗರು ಸಾರ್ ನೀರು ಬೇಕಾ ಎಂದರು. ಸಂಜೆ ಚಿಕ್ಕಿಗೆ ಫೋನ್ ಮಾಡಿ ಆವತ್ತು ಭಾಯಿ ಹೇಗೆ ಬಂದರು ಎಂದು ಕೇಳಿದೆ. “ಬಸ್ಸಿಗೆ ಬಂದಿದ್ದ. ಗಿಟಾರು ತೊಡೆ ಮೇಲೆ ಇಟ್ಕಂಡು ಕೂತಿದ್ನಡ, ಕಂಡಕ್ಟರು ಅದಕ್ಕೂ ಟಿಕೇಟು ಕೇಳಿದ್ನಡ, ಹಂಗೆ ಹೇಳಿ ಅವನೇ ನಗ್ತಾ ಇದ್ದಿದ್ದ” ಎಂದಳು. ಮಾವಿನ ಮರವೇ ಅಲ್ಲಿಲ್ಲ ಎಂದೂ ಹೇಳಿದಳು.

ಭಾಯಿಯ ಲಾರಿ ರಿಪೇರಿಗೆ ಹೋಗುವುದು ಯಲ್ಲಾಪುರದ ಒಂದೇ ಗ್ಯಾರೇಜಿಗೆ. ಮುಂದಿನ ಭಾನುವಾರ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಹೆದರಿಕೆಯಾಗುತ್ತಿತ್ತು. ಯಾವ ಉತ್ತರಕ್ಕೆ ಹೆದರುತ್ತಿದ್ದೇನೆ ಎಂದು ಗೊತ್ತಿತ್ತು, ಆದರೂ ನಡುದಾರಿಯ ಮಂಚಿಕೇರಿಯಲ್ಲಿ ಇಳಿದು ವಾಪಸು ಬರಲಿಲ್ಲ. ಮೆಕ್ಯಾನಿಕ್ಕಿಗೆ ಅರವತ್ತರ ಮೇಲೆ, ಹುಬ್ಬಳ್ಳಿ ಕಡೆಯವರು. ನಾನು ಭಾಯಿಯ ಗೆಳೆಯ ಎಂದಾಗ ಚಹಾ ತರಿಸಿದರು. ಭಾಯಿಗೆ ಕಾಯಿಲೆ ಬಂದ ಆ ತಿಂಗಳು, ಕಾಡಿನಲ್ಲಿ ಪ್ಲೇಟು ಮುರಿದದ್ದನ್ನು ನೀವೇ ಸರಿಮಾಡಿದ್ದಾ ಎಂದು ಕೇಳಿದೆ.

“ಪ್ಲೇಟಾ? ಪ್ಲೇಟ್ ಏನೂ ಮುರಿದಿಲ್ರಿ. ಆವಾಗ ಗಾಡಿ ಇಲ್ಲೇ ಇತ್ತಲ್ಲ. ಗೇರ್ ಬಾಕ್ಸ್ ಇಳಿಸಿದ್ದೆ. ಸಾಮಾನು ಸಿಗಲಿಲ್ಲ ಅಂತ ಎರಡು ವಾರದ ಮ್ಯಾಲೆ ನಿಂತಿತ್ತು.”

“ಬೇರೆಯವರ ಗಾಡಿ ಓಡಿಸಿರಬಹುದಾ?”

“ಅವ್ರಾ? ಇನ್ನೊಬ್ಬರ ಸ್ಟೀರಿಂಗ್ ಮುಟ್ಟೋ ಮನುಷ್ಯ ಅಲ್ರಿ ಅದು. ದಿನಾ ಫೋನ್ ಹಚ್ಚಿ ನನ್ನ ಗಾಡಿ ನನ್ನ ಗಾಡಿ ಅಂತ ಜೀವ ತಿಂದಾರ. ತಡೀರಿ, ಫೋಟೋ ಇರಬೇಕು. ಹುಬ್ಬಳ್ಳಿ ಅಂಗಡಿಗೆ ಸಾಮಾನಿನ ಫೋಟೋ ಕಳಿಸಿದ್ದೆ.”

ಅವರು ಕೈ ಒರೆಸಿಕೊಂಡು ಫೋನಿನಲ್ಲಿ ಬಹಳ ಹಿಂದಕ್ಕೆ ಸರಿಸುತ್ತ ಹೋದರು. ಫೋಟೋಗಳು ಸಿಕ್ಕವು, ಒಂದೊಂದರ ಕೆಳಗೂ ದಿನಾಂಕವಿತ್ತು. ನನ್ನ ರೆಕಾರ್ಡಿಂಗ್ ಕಡತದ ದಿನಾಂಕದ ಜೊತೆ ಹೋಲಿಸಿದೆ, ಬಸ್ ನಿಲ್ದಾಣಕ್ಕೆ ಬಂದು ಮತ್ತೊಮ್ಮೆ ಹೋಲಿಸಿದೆ. ನಾವು ಗಿರಣಿಯಲ್ಲಿ ಸೇರಿದ ಮಂಗಳವಾರದ ಹಿಂದಿನ ಶುಕ್ರವಾರ, ಭಾನುವಾರ, ಸೋಮವಾರ, ಮೂರೂ ದಿನದ ಫೋಟೋಗಳಲ್ಲಿ ಭಾಯಿಯ ಲಾರಿ ಯಲ್ಲಾಪುರದ ಆ ಗ್ಯಾರೇಜಿನಲ್ಲೇ, ಗೇರ್ ಬಾಕ್ಸ್ ಇಲ್ಲದೆ, ಮರದ ದಿಮ್ಮಿಗಳ ಮೇಲೆ ನಿಂತಿತ್ತು.